ಗುಮ್ಮಟದ ಅಂಗಳಕ್ಕೆ ಶಾಮಿಯಾನ ಹಾಕುವ ಮೊದಲು: ಸಂಗ್ರಹಾಲಯಗಳ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಕಲಬುರಗಿ, ಬೀದರ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಹಳೆಯ ಕಟ್ಟಡಗಳ, ಸಂಗ್ರಹಾಲಯಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ, ಹಾಗೂ ಅಲ್ಲಿ ಸಮಾರಂಭ ಮಾಡಬೇಕೆಂದು ಆಸೆಪಡುವ ನಮ್ಮ ಭಾಗದ ಜನರಿಗೆ.

ವಿಷಯ: ಬೇಸಿಗೆಯ ಸಂಜೆ ಕಾರ್ಯಕ್ರಮಗಳಿಗೆ ಸಂಗ್ರಹಾಲಯದ ಆವರಣ ಬಾಡಿಗೆಗೆ ಕೊಡುವ ಕುರಿತು.

ಮಾನ್ಯರೇ,

ನಾನು ಕಲಬುರಗಿಯಲ್ಲಿ ಶಾಮಿಯಾನ, ಸ್ಟೇಜು, ಲೈಟಿಂಗ್ ಸಾಮಾನು ಬಾಡಿಗೆಗೆ ಕೊಡುವವನು. ಅಂಗಡಿ ಅಪ್ಪನ ಕಾಲದ್ದು. ಶರಣಬಸವೇಶ್ವರ ಜಾತ್ರೆಯ ಸಾಲಂಗಡಿಗಳಿಗೂ ಖಾಜಾ ಬಂದೇನವಾಜರ ಉರುಸಿನ ಮಳಿಗೆಗಳಿಗೂ ನಮ್ಮ ತಗಡು, ಬೊಂಬು, ಬಟ್ಟೆ ಹೋಗುತ್ತ ಬಂದಿವೆ. ಮದುವೆ, ಕುಬಸ, ತೊಟ್ಟಿಲು, ನಿವೃತ್ತಿ ಸನ್ಮಾನ, ಸಾವಿನ ಮನೆಯ ಮುಂದೆ ಹಾಕುವ ನೆರಳು, ಎಲ್ಲವನ್ನೂ ಮಾಡಿದ್ದೇವೆ. ಯಾವ ಓಣಿಗೆ ಎಷ್ಟು ಉದ್ದದ ಹಗ್ಗ ಬೇಕು, ಎಲ್ಲಿ ಕರೆಂಟಿನ ತಂತಿ ಕೆಳಗೆ ಜೋತುಬಿದ್ದಿದೆ ಎಂಬುದು ನನಗೆ ಬಾಯಿಪಾಠ. ಈ ಪತ್ರದಲ್ಲಿ ನಾನು ಹೇಳುವುದು ಇತಿಹಾಸ ಓದಿದವರ ಮಾತಲ್ಲ, ಹಗ್ಗ ಕಟ್ಟುವವನ ಮಾತು.

ಈ ಯುಗಾದಿ ಆದಮೇಲೆ ನಾಲ್ಕು ಮನೆಯವರು ನನ್ನ ಅಂಗಡಿಗೆ ಬಂದು ಒಂದೇ ವಿಚಾರ ಕೇಳಿದರು. "ಕಾಕಾ, ಈ ಸಲ ಕಲ್ಯಾಣ ಮಂಟಪ ಬ್ಯಾಡ್ರಿ. ಹಿಂದ ಹಳೇ ಗುಮ್ಮಟ ಕಾಣಬೇಕು, ಮುಂದ ಸ್ಟೇಜ್ ಇರಬೇಕು. ಮ್ಯೂಜಿಯಂ ಅಂಗಳ ಸಿಗ್ತದೇನು ನೋಡ್ರಿ." ಮೊಬೈಲಿನಲ್ಲಿ ವಿಡಿಯೊ ತೋರಿಸಿದರು. ರಾಜಸ್ಥಾನದ ಕೋಟೆಗಳಲ್ಲಿ ನಡೆದ ಮದುವೆಗಳು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ದೊಡ್ಡ ಹಾಲಿನಲ್ಲಿ, ನೀಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಸಾಲಾಗಿ ಹಾಕಿದ ಊಟದ ಮೇಜುಗಳು. ನೋಡಲು ಚಂದವಿದೆ, ಅಲ್ಲಗಳೆಯುವುದಿಲ್ಲ. ಅಲ್ಲಿ ಆಗುವುದು ನಮ್ಮಲ್ಲಿ ಯಾಕಾಗಬಾರದು ಎಂಬ ಅವರ ಪ್ರಶ್ನೆಯೂ ತಪ್ಪಲ್ಲ. ನಾನು ಹೂಂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಮೊದಲು ನಿಮಗೆ ಬರೆಯಬೇಕು ಅನಿಸಿತು.

ಯಾಕೆಂದರೆ ಇಂಥ ಒಂದು ಕೆಲಸ ನಾನು ಈಗಾಗಲೇ ಮಾಡಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ಹಳೆಯ ಕಟ್ಟಡವೊಂದರಲ್ಲಿರುವ ಸಂಗ್ರಹಾಲಯ. ಹೆಸರು ಬರೆಯುವುದಿಲ್ಲ. ಒಬ್ಬರ ಮೇಲೆ ಗೂಬೆ ಕೂರಿಸಬೇಕೆಂಬ ಉದ್ದೇಶ ನನಗಿಲ್ಲ, ಮತ್ತು ಆ ದಿನದ ತಪ್ಪಿನಲ್ಲಿ ನನ್ನ ಪಾಲೂ ಇದೆ. ಏಪ್ರಿಲ್ ಕೊನೆಯ ವಾರ. ಮುನ್ನೂರು ಜನರ ಸಮಾರಂಭ: ಹಾಡು, ಸನ್ಮಾನ, ಊಟ. ಅನುಮತಿ ಪತ್ರ ಇತ್ತು. ಬಾಡಿಗೆ ಎಷ್ಟು, ಠೇವಣಿ ಎಷ್ಟು, ಗೇಟು ಎಷ್ಟೊತ್ತಿಗೆ ಮುಚ್ಚಬೇಕು ಎಂದು ಅದರಲ್ಲಿ ಬರೆದಿತ್ತು. ಹಗ್ಗ ಎಲ್ಲಿ ಕಟ್ಟಬಾರದು ಎಂದು ಬರೆದಿರಲಿಲ್ಲ. ಅಡಿಗೆಯ ಒಲೆ ಗೋಡೆಯಿಂದ ಎಷ್ಟು ದೂರ ಇರಬೇಕು ಎಂದೂ ಇರಲಿಲ್ಲ.

ಮಧ್ಯಾಹ್ನ ಎರಡಕ್ಕೆ ನಮ್ಮ ಹುಡುಗರು ಕೆಲಸ ಶುರು ಮಾಡಿದರು. ಆ ಅಂಗಳದ ನೆಲ ಮುರುಮಿನದು, ಬೇಸಿಗೆಗೆ ಗಟ್ಟಿಯಾಗಿ ಹೋಗಿತ್ತು. ಕಬ್ಬಿಣದ ಗೂಟ ಎರಡು ಬೆರಳು ಇಳಿದು ನಿಂತುಬಿಡುತ್ತಿತ್ತು, ಸುತ್ತಿಗೆ ಏಟಿಗೆ ಕಿಡಿ ಹಾರುತ್ತಿತ್ತು. ಮೂಲೆಯ ಹಗ್ಗಕ್ಕೆ ಆಸರೆ ಸಿಗದೆ ಒಬ್ಬ ಹುಡುಗ ಅಲ್ಲೇ ನಿಲ್ಲಿಸಿದ್ದ ವೀರಗಲ್ಲಿಗೆ ಎರಡು ಸುತ್ತು ಹಾಕಿ ಬಿಗಿದ. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಬಿಸಿಲು ಅಷ್ಟಿತ್ತು, ಆರಕ್ಕೆ ಜನ ಬರುವವರಿದ್ದರು, ಕಲ್ಲು ಗಟ್ಟಿಯಾಗಿಯೇ ನಿಂತಿದೆಯಲ್ಲ ಅಂದುಕೊಂಡೆ.

ಎದೆಮಟ್ಟದ ಕಲ್ಲು ಅದು. ಕೆಳಗಿನ ಸಾಲಿನಲ್ಲಿ ಕುದುರೆ ಮೇಲೆ ಕತ್ತಿ ಎತ್ತಿದ ವೀರ. ನಡುವಿನ ಸಾಲಿನಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ಮನುಷ್ಯ. ತುದಿಯಲ್ಲಿ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರ. ಯಾವುದೋ ಹಳ್ಳಿಯ ಗಡಿಯಲ್ಲೋ ದನಕರುಗಳಿಗಾಗಿಯೋ ಸತ್ತವನು. ಅವನ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಸೂರ್ಯಚಂದ್ರರು ಇರುವವರೆಗೆ ಇವನ ನೆನಪು ಇರಲಿ ಎಂದು ಊರವರು ಆ ಗುರುತು ಕೆತ್ತಿಸಿದ್ದರು.

ನಮ್ಮ ಕಡೆ ಅಶ್ವಿನಿ, ಭರಣಿ ಮಳೆಯ ಕಾಲದ ಸಂಜೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಐದು ನಿಮಿಷದ ಹಿಂದೆ ಎಲೆ ಅಲುಗಾಡಿರುವುದಿಲ್ಲ, ಇದ್ದಕ್ಕಿದ್ದಂತೆ ಧೂಳು ಎದ್ದು ಕಣ್ಣು ಬಿಡಲಾಗುವುದಿಲ್ಲ. ಅವತ್ತು ಎಂಟೂವರೆಗೆ ಗಾಳಿ ಬಂತು. ಸ್ವಾಗತ ಭಾಷಣ ಮುಗಿದು ಹಾರ ಹಾಕುತ್ತಿದ್ದರು. ಶಾಮಿಯಾನಕ್ಕೆ ಕೆಳಗಿನಿಂದ ಗಾಳಿ ತುಂಬಿದರೆ ಅದು ದೋಣಿಯ ಹಾಯಿ ಆಗಿಬಿಡುತ್ತದೆ. ಎಳೆತ ಪೂರ್ತಿ ಮೂಲೆಯ ಹಗ್ಗಗಳ ಮೇಲೆ ಬೀಳುತ್ತದೆ. ನಾಲ್ಕು ಹುಡುಗರು ಕಂಬಕ್ಕೆ ಜೋತುಬಿದ್ದರು. ಹತ್ತು ನಿಮಿಷಕ್ಕೆ ಗಾಳಿ ಇಳಿಯಿತು, ಎರಡು ಹನಿ ಉದುರಿತು, ಕಾರ್ಯಕ್ರಮ ಮುಂದುವರಿಯಿತು. ಮಣ್ಣಿನ ವಾಸನೆಗೆ ಜನ ಚಪ್ಪಾಳೆ ಹೊಡೆದರು.

ರಾತ್ರಿ ಒಂದಕ್ಕೆ ಸಾಮಾನು ಬಿಚ್ಚುವಾಗ ಆ ಮೂಲೆಗೆ ಹೋದೆ. ಕಲ್ಲು ಅಂಗಳದ ಕಡೆಗೆ ವಾಲಿತ್ತು, ಬುಡದ ಮಣ್ಣು ಬಾಯಿ ಬಿಟ್ಟಿತ್ತು. ಹಗ್ಗ ಮೇಲಕ್ಕೆ ಜಾರಿ ತುದಿಯ ಅಂಚನ್ನು ಉಜ್ಜಿತ್ತು. ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಚೂರು ಬಿದ್ದಿತ್ತು. ಒಂದು ಮೈ ಬಿಸಿಲು ಮಳೆಗೆ ಕಪ್ಪಾಗಿತ್ತು, ಇನ್ನೊಂದು ಮೈ ಆಗಷ್ಟೇ ಒಡೆದ ಬೂದು ಬಣ್ಣ. ಕಪ್ಪು ಮೈಯಲ್ಲಿ ಒಂದು ಬಾಗಿದ ಗೆರೆ. ಟಾರ್ಚ್ ಹಿಡಿದು ಕಲ್ಲಿಗೆ ಹೊಂದಿಸಿ ನೋಡಿದೆ. ಚಂದ್ರನ ಒಂದು ಕೊನೆ.

ಬೆಳಿಗ್ಗೆ ಅಲ್ಲಿನ ಹೊಣೆ ಹೊತ್ತವರಿಗೆ ಆ ಚೂರು ತೋರಿಸಿದೆ. "ಹಳೇ ಕಲ್ಲು ಅದ. ಎಲ್ಲಿ ನೋಡಿದಲ್ಲಿ ಒಡದಾವ. ಇದೊಂದಕ್ಕ ಯಾಕ ತಲಿ ಕೆಡಿಸ್ಕೋತೀರಿ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನನ್ನನ್ನು ಸಮಾಧಾನ ಮಾಡಲು ಅಂದದ್ದು. ಆದರೆ ಅವರ ಬಳಿ ಸಮಾರಂಭಕ್ಕೆ ಮೊದಲು ತೆಗೆದ ಒಂದೇ ಒಂದು ಫೋಟೊ ಇರಲಿಲ್ಲ. ಯಾವ ಕಲ್ಲು ಎಲ್ಲಿ ಒಡೆದಿತ್ತು, ಯಾವುದು ನೆಟ್ಟಗಿತ್ತು ಎಂಬ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ರಿಜಿಸ್ಟರಿನಲ್ಲಿ "ಆವರಣ ಸುಸ್ಥಿತಿಯಲ್ಲಿದೆ" ಎಂದು ಬರೆದು ಸಹಿ ಆಯಿತು. ಸಮಾರಂಭದವರಿಗೆ ಠೇವಣಿ ಪೂರ್ತಿ ವಾಪಸ್ ಹೋಯಿತು. ನನಗೂ ನನ್ನ ಹಣ ಬಂತು. ಚೂರನ್ನು ಕಾವಲುಗಾರ ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟ.

ಅದೇ ದಿನದ ಇನ್ನೊಂದು ಸಂಗತಿಯನ್ನು ಬರೆಯದೆ ಮುಂದೆ ಹೋಗಲಾರೆ. ಸಂಜೆ ಸುಮಾರು ಐದಕ್ಕೆ, ನಾವು ಗೇಟಿಗೆ ಹೂವಿನ ಕಮಾನು ಕಟ್ಟುತ್ತಿದ್ದಾಗ, ಒಬ್ಬ ಹೆಣ್ಣುಮಗಳು ಎರಡು ಮಕ್ಕಳನ್ನು ಕರೆದುಕೊಂಡು ಬಂದರು. ಆಸ್ಪತ್ರೆಗೆಂದು ಹಳ್ಳಿಯಿಂದ ಬಂದವರು. ಬಸ್ಸಿಗೆ ಇನ್ನೂ ಹೊತ್ತಿತ್ತು, ಬಿಸಿಲು ಇಳಿದಿತ್ತು, ಮಕ್ಕಳಿಗೆ ಒಳಗೆ ತೋರಿಸೋಣವೆಂದು ಬಂದಿದ್ದರು. "ಇವತ್ತು ಬಂದ್ ಅದ ಅವ್ವಾ, ಫಂಕ್ಷನ್ ಅದ" ಎಂದು ಕಾವಲುಗಾರ ಹೇಳಿದ. ದೊಡ್ಡ ಹುಡುಗ ಕಬ್ಬಿಣದ ಸರಳಿಗೆ ಹಣೆ ಹಚ್ಚಿ ಒಳಗಿನ ಮೂರ್ತಿಗಳ ಕಡೆ ನೋಡುತ್ತ ನಿಂತ. ನಮ್ಮವರು ಕಮಾನು ಎತ್ತಬೇಕಿತ್ತು. ನಾನೇ ಆ ಹುಡುಗನಿಗೆ ಪಕ್ಕಕ್ಕೆ ಸರಿ ಅಂದೆ.

ಸ್ವಾಮಿ, ನನ್ನ ದೂರು ಇಲ್ಲಿಂದ ಶುರುವಾಗುತ್ತದೆ. ಬೇಸಿಗೆಯ ಸಂಜೆ ನಮ್ಮ ಜಿಲ್ಲೆಗಳಲ್ಲಿ ಎಂಥ ಅಪರೂಪದ ವಸ್ತು ಎಂಬುದನ್ನು ನೀವು ಬಲ್ಲಿರಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42, 43 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಸರ್ಕಾರವೇ ಈ ಎರಡು ತಿಂಗಳು ನಮ್ಮ ವಿಭಾಗದ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಯಿಸುವ ರೂಢಿ ಇಟ್ಟುಕೊಂಡಿದೆ. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಅಂಗಡಿಯವರೂ ಷಟರ್ ಅರ್ಧ ಎಳೆದು ಮಲಗುತ್ತಾರೆ. ಆ ಹೊತ್ತಿನಲ್ಲಿ ಸಂಗ್ರಹಾಲಯ ತೆರೆದಿದ್ದರೂ ಯಾರು ಬರುತ್ತಾರೆ? ಮಕ್ಕಳಿಗೆ ರಜೆ ಇರುವುದು ಇದೇ ತಿಂಗಳುಗಳಲ್ಲಿ. ಸೊಲ್ಲಾಪುರ, ಪುಣೆ, ಹೈದರಾಬಾದಿಗೆ ಕೆಲಸಕ್ಕೆ ಹೋದವರು ಊರಿಗೆ ಬರುವುದೂ ಈಗಲೇ. ಬಿಸಿಲು ಇಳಿದ ಮೇಲೆ ಊರು ಪೂರ್ತಿ ಮನೆಯಿಂದ ಹೊರಗೆ ಬರುತ್ತದೆ. ಅಪ್ಪನ ಕೆರೆಯ ದಂಡೆಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಅದೇ ಹೊತ್ತಿಗೆ ಸಂಗ್ರಹಾಲಯದ ಗೇಟು ಜನರಿಗೆ ಮುಚ್ಚಿ, ದುಡ್ಡು ಕಟ್ಟಿದವರಿಗೆ ತೆರೆದರೆ, ನಾವು ಬಾಡಿಗೆಗೆ ಕೊಟ್ಟದ್ದು ಅಂಗಳವನ್ನಲ್ಲ, ಊರಿನವರು ಅಲ್ಲಿಗೆ ಬರಬಹುದಾಗಿದ್ದ ಇದ್ದೊಂದು ವೇಳೆಯನ್ನು.

ಸಂಜೆ ತೆರೆದಿಡುವುದು ಆಗದ ಕೆಲಸವಲ್ಲ. ಜೈಪುರದ ಆಲ್ಬರ್ಟ್ ಹಾಲ್ ಸಂಗ್ರಹಾಲಯದಲ್ಲಿ ರಾತ್ರಿ ವೀಕ್ಷಣೆಗೆ ವ್ಯವಸ್ಥೆ ಮಾಡಿದ್ದಾರೆ. ಅಷ್ಟು ದೂರ ಯಾಕೆ, 2019ರಲ್ಲಿ ಕೇಂದ್ರ ಸರ್ಕಾರ ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ 9ರವರೆಗೆ ತೆರೆದಿಡುವುದಾಗಿ ಹೇಳಿದಾಗ ಆ ಪಟ್ಟಿಯಲ್ಲಿ ಪಟ್ಟದಕಲ್ಲು ಮತ್ತು ನಮ್ಮ ಪಕ್ಕದ ವಿಜಯಪುರದ ಗೋಳಗುಮ್ಮಟ ಇದ್ದವು. ಬಿಸಿಲು ಅವರಿಗೊಂದು ನಮಗೊಂದು ಇಲ್ಲ.

ಇನ್ನು ಕಟ್ಟಡಗಳ ಮಾತು. ನಮ್ಮ ಕಡೆಯ ಸಂಗ್ರಹಾಲಯಗಳು ಹೊಸದಾಗಿ ಕಟ್ಟಿಸಿದ ಹಾಲುಗಳಲ್ಲ. ಕಲಬುರಗಿಯ ಸರ್ಕಾರಿ ಸಂಗ್ರಹಾಲಯ ಇರುವುದು ಬಹಮನಿ ಕಾಲದ ಎರಡು ಗುಮ್ಮಟಗಳಲ್ಲಿ. ಬೀದರ ಕೋಟೆಯೊಳಗಿನ ಸಂಗ್ರಹಾಲಯ ಹಳೆಯ ಅರಮನೆಯ ಸ್ನಾನದ ಮನೆಯಾದ ಹಮಾಮಿನಲ್ಲಿದೆ. ಅಂದರೆ ಒಳಗಿಟ್ಟ ವಸ್ತುವಿಗಿಂತ ಮೊದಲು ಗೋಡೆಯೇ ನೋಡಬೇಕಾದ ವಸ್ತು. ಗುಮ್ಮಟ ಎಂದರೆ ಯಾರದೋ ಸಮಾಧಿಗೆಂದು ಎತ್ತಿದ ಕಟ್ಟಡ. ನಮ್ಮೂರಿನಲ್ಲಿ ದಾರಿಬದಿಯ ಗೋರಿಯ ಮುಂದೆ ಹೋಗುವಾಗಲೂ ಜನ ಬ್ಯಾಂಡಿನ ಸದ್ದು ತಗ್ಗಿಸುತ್ತಾರೆ. ಈ ನಡತೆ ನಮಗೆ ಯಾರೂ ಕಾನೂನಿನಿಂದ ಕಲಿಸಿದ್ದಲ್ಲ. ಗುಮ್ಮಟದ ಅಂಗಳದಲ್ಲಿ ಡಿಜೆ ಹಾಕಿ ಕುಣಿಯಲು ಪರವಾನಗಿ ಕೊಡುವ ಮೊದಲು ಈ ಮಾತನ್ನು ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಡಿಜೆ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ದೊಡ್ಡ ಬೇಸ್ ಡಬ್ಬಿಗಳನ್ನು ಗೋಡೆಗೆ ಬೆನ್ನು ಮಾಡಿ ಇಟ್ಟರೆ ಸದ್ದು ಹೆಚ್ಚು ಬರುತ್ತದೆಂದು ನಮ್ಮ ಹುಡುಗರು ಗೋಡೆಯನ್ನೇ ಹುಡುಕುತ್ತಾರೆ. ಹಾಗೆ ಇಟ್ಟಾಗ ಗೋಡೆಗೆ ಅಂಗೈ ಹಚ್ಚಿ ನೋಡಿ, ಒಳಗಿನಿಂದ ಯಾರೋ ಗುದ್ದಿದಂತೆ ಆಗುತ್ತದೆ. ಸಿಮೆಂಟಿನ ಗೋಡೆಯಾದರೆ ತಾಳಿಕೊಂಡೀತು. ನೂರಾರು ವರ್ಷದ ಗಚ್ಚುಗಾರೆ ಎಷ್ಟೋ ಕಡೆ ಕಲ್ಲಿನಿಂದ ಬಿಟ್ಟುಕೊಂಡು ಹೊಪ್ಪಳೆಯಂತೆ ನಿಂತಿರುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅದು ಉದುರಲು ಸುತ್ತಿಗೆ ಬೇಕಿಲ್ಲ. ಬೀದರದ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ಒಮ್ಮೆ ನೋಡಿದವರಿಗೆ, 1472ರ ಮಹಮೂದ್ ಗವಾನ್ ಮದರಸಾದ ಮುಖದ ಮೇಲೆ ಇನ್ನೂ ಅಂಟಿಕೊಂಡಿರುವ ಬಣ್ಣದ ಹೆಂಚುಗಳನ್ನು ಕಂಡವರಿಗೆ, ಇಂಥ ಕೆಲಸ ಒಮ್ಮೆ ಕಳಚಿ ಬಿದ್ದರೆ ಮತ್ತೆ ಬರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಊಟದ ಮಾತಂತೂ ನಮ್ಮ ಪ್ರತಿ ಮನೆಯ ನೆಲವೇ ಹೇಳುತ್ತದೆ. ಕಲಬುರಗಿಯಲ್ಲಿ ಶಹಾಬಾದ್ ಫರಸಿ ಹಾಕದ ಹಳೆಯ ಮನೆ ಇಲ್ಲ. ಆ ಫರಸಿಯ ಮೇಲೆ ನಿಂಬೆಹಣ್ಣಿನ ಶರಬತ್ತು ಚೆಲ್ಲಿ ಒರೆಸದೆ ಬಿಟ್ಟರೆ ಏನಾಗುತ್ತದೆ? ಹೊಳಪು ಸತ್ತು ಬಿಳಿಚಿಕೊಂಡ ಒಂದು ಮಚ್ಚೆ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕಲೆಯಲ್ಲ, ಹುಳಿಗೆ ಕಲ್ಲೇ ಕರಗಿ ಹೋಗಿದೆ. ಸುಣ್ಣಕಲ್ಲಿನ ಗುಣ ಅದು. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪಗಳೂ ಸುಣ್ಣಕಲ್ಲಿನವೇ. ಸಾಮ್ರಾಟ ಅಶೋಕನ ಚಿತ್ರ ಕೆತ್ತಿ ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕ" ಎಂದು ಹೆಸರು ಬರೆದಿರುವ ಕಲ್ಲು ಸಿಕ್ಕಿದ್ದು ನಮ್ಮ ಭೀಮಾ ನದಿಯ ದಂಡೆಯ ಆ ಊರಿನಲ್ಲಿ. ಇಂಥ ಕಲ್ಲುಗಳಿರುವ ಅಂಗಳದಲ್ಲಿ ಪಾನಿಪುರಿಯ ಕೌಂಟರು, ಶರಬತ್ತಿನ ಟೇಬಲ್ಲು, ತಂಪು ಪಾನೀಯದ ಬಾಟಲಿಗಳು! ಮುನ್ನೂರು ಜನರಲ್ಲಿ ಒಬ್ಬರು ಗ್ಲಾಸನ್ನು ಪೀಠದ ಮೇಲಿಟ್ಟು ಮರೆತು ಹೋದರೆ ಸಾಕು. ನಾನು ಮಾಡಿಸಿದ ಸಮಾರಂಭದ ಮರುದಿನ ಬೆಳಿಗ್ಗೆ ಮೂರ್ತಿಗಳ ಪೀಠಗಳ ಮೇಲಿಂದ ಹನ್ನೊಂದು ಗ್ಲಾಸು ಎತ್ತಿಟ್ಟಿದ್ದೇನೆ. ಎಣಿಸಿಯೇ ಎತ್ತಿದ್ದೆ.

ಅಡಿಗೆಯವರು ಗಾಳಿ ತಾಗಬಾರದೆಂದು ಒಲೆಯನ್ನು ಗೋಡೆಯ ಮರೆಗೆ ಹಚ್ಚುತ್ತಾರೆ. ಎಣ್ಣೆಯ ಹೊಗೆ ಗಾರೆಗೆ ಹತ್ತಿದರೆ ಹೀರಿಕೊಂಡುಬಿಡುತ್ತದೆ. ಡೀಸೆಲ್ ಜನರೇಟರಿನ ಮಸಿಯೂ ಹಾಗೆಯೇ. ಇನ್ನು ಬೆಳಕು: ಹಸ್ತಪ್ರತಿ, ಬಟ್ಟೆ, ಜಲವರ್ಣದ ಚಿತ್ರಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳವರು ಪಾಲಿಸುವ ಅಳತೆ. ಮದುವೆಯ ಸ್ಟೇಜಿನ ಮೇಲೆ ನಾವು ಅದರ ಹತ್ತಾರು ಪಟ್ಟು ಬೆಳಕು ಸುರಿಯುತ್ತೇವೆ, ಅಷ್ಟಿಲ್ಲದಿದ್ದರೆ ವಿಡಿಯೊದವರು ಬೈಯುತ್ತಾರೆ.

ಕಾನೂನು ಇಲ್ಲವೇ ಎಂದು ಕೇಳಿದರೆ, ಇದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಅದರಡಿ 1959ರಲ್ಲಿ ಮಾಡಿದ ನಿಯಮಗಳ 7ನೇ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸ್ಮಾರಕದಲ್ಲಿ ಸಭೆ, ಔತಣ, ಮನರಂಜನೆ ನಡೆಸುವಂತಿಲ್ಲ. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗಳಿಗೆ ಮಾತ್ರ ವಿನಾಯಿತಿ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಾಜ್ಯದ ಸ್ಮಾರಕಗಳಿಗೆ 1961ರ ನಮ್ಮದೇ ಕಾಯ್ದೆ ಇದೆ. ಧ್ವನಿವರ್ಧಕಕ್ಕೆ 2000ದ ನಿಯಮಗಳಿವೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಇವೆಲ್ಲ ನನಗೆ ತಿಳಿದದ್ದು ಆ ಕಲ್ಲು ವಾಲಿದ ಮೇಲೆ. ಅದಕ್ಕೆ ಮುಂಚೆ ನನ್ನಂಥವರಿಗೆ ಯಾರೂ ಹೇಳಿರಲಿಲ್ಲ. ಅನುಮತಿ ಪತ್ರ ಹೋಗುವುದು ಸಮಾರಂಭ ಮಾಡಿಸುವವರ ಕೈಗೆ. ಗೂಟ ಹೊಡೆಯುವವನ ಕೈಗೆ ಒಂದು ಚೀಟಿಯೂ ಬರುವುದಿಲ್ಲ.

ಸಂಗ್ರಹಾಲಯಗಳಿಗೆ ಹಣ ಬೇಕು ಎಂಬುದನ್ನು ನಾನು ಬಲ್ಲೆ. ದೀಪ ಕೆಟ್ಟರೆ ಹಾಕಿಸಲು, ಹುಲ್ಲು ತೆಗೆಸಲು, ಕಾವಲಿಗೆ ಇನ್ನೊಬ್ಬರನ್ನು ಇಡಲು ಹಣ ಬೇಕೇ ಬೇಕು. ಅಂಗಳದಲ್ಲಿ ನಾಲ್ಕು ಜನ ಸೇರಿದರೆ ಆ ಜಾಗಕ್ಕೂ ಜೀವ ಬರುತ್ತದೆ, ಪಾಳು ಬಿದ್ದರೆ ಬೇರೆಯವರು ಸೇರಿಕೊಳ್ಳುತ್ತಾರೆ. ಆದ್ದರಿಂದ ಬಾಡಿಗೆಗೆ ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಹೇಗೆ ಕೊಡಬೇಕು ಎಂಬುದನ್ನು ಕೆಲಸ ಮಾಡಿದವನಾಗಿ ಹೇಳುತ್ತೇನೆ, ದಯವಿಟ್ಟು ಪರಿಶೀಲಿಸಬೇಕು.

ಮೊದಲನೆಯದಾಗಿ, ಬೇಸಿಗೆಯ ಎರಡು ತಿಂಗಳು ಸಂಗ್ರಹಾಲಯದ ಸಮಯ ಬದಲಾಗಲಿ. ಬೆಳಿಗ್ಗೆ ಬೇಗ ತೆರೆದು ಮಧ್ಯಾಹ್ನ ಮುಚ್ಚಿ, ಮತ್ತೆ ಸಂಜೆ ಐದರಿಂದ ಎಂಟೂವರೆವರೆಗೆ ಜನರಿಗೆ ತೆರೆದಿರಲಿ. ವಾರದ ಹೆಚ್ಚಿನ ಸಂಜೆಗಳು ಊರಿನವರಿಗೆ ಮೀಸಲಾದ ಮೇಲೆ ಉಳಿದ ಒಂದೋ ಎರಡೋ ಸಂಜೆಯನ್ನು ಬಾಡಿಗೆಗೆ ಕೊಡಿ. ಯಾವ ದಿನ ಎಂಬುದನ್ನು ತಿಂಗಳು ಮೊದಲೇ ಗೇಟಿನ ಮೇಲೆ ಕನ್ನಡ, ಉರ್ದು ಎರಡರಲ್ಲೂ ಬರೆದು ಹಾಕಿ. ಆಗ ಹಳ್ಳಿಯಿಂದ ಬಂದ ಆ ತಾಯಿಯಂಥವರು ಬಾಗಿಲಿಗೆ ಬಂದು ಹಿಂದಿರುಗಬೇಕಾಗುವುದಿಲ್ಲ. ನನ್ನ ಬೇಡಿಕೆಗಳಲ್ಲಿ ಒಂದನ್ನೇ ಒಪ್ಪುತ್ತೇವೆ ಎಂದರೆ ಇದನ್ನು ಒಪ್ಪಿ, ಉಳಿದದ್ದನ್ನು ಬಿಟ್ಟರೂ ನಾನು ದೂರುವುದಿಲ್ಲ.

ಬಾಡಿಗೆ ಕೊಡುವುದಾದರೆ ತೆರೆದ ಅಂಗಳ ಮಾತ್ರ ಕೊಡಿ. ಗುಮ್ಮಟದ ಒಳಗೆ, ಮೂರ್ತಿಗಳಿರುವ ಕೋಣೆಗಳಲ್ಲಿ ಕುರ್ಚಿ ಹಾಕಲು ಎಷ್ಟು ದುಡ್ಡು ಕೊಟ್ಟರೂ ಬೇಡ. ಅಂಗಳದಲ್ಲಿ ನಿಲ್ಲಿಸಿದ ಕಲ್ಲುಗಳ ಸುತ್ತ ಆಳೆತ್ತರದ ತಡೆ ಇರಲಿ. ನೆಲಕ್ಕೆ ಗೂಟ ಹೊಡೆಯುವುದನ್ನು ಪೂರ್ತಿ ನಿಲ್ಲಿಸಿ. ಹಳೆಯ ಜಾಗಗಳಲ್ಲಿ ನೆಲದ ಕೆಳಗೆ ಏನಿದೆಯೋ ಯಾರೂ ನೋಡಿಲ್ಲ. ಗೂಟವಿಲ್ಲದೆ ಶಾಮಿಯಾನ ನಿಲ್ಲುವುದಿಲ್ಲ ಎಂದು ನನ್ನ ಕಸುಬಿನವರು ಹೇಳಿದರೆ ನಂಬಬೇಡಿ. ಉಸುಕು ತುಂಬಿದ ಚೀಲ, ನೀರು ತುಂಬಿದ ಡ್ರಮ್ಮು ಕಟ್ಟಿ ನಿಲ್ಲಿಸಬಹುದು. ಸಾಮಾನು ಹೆಚ್ಚು ಬೇಕು, ಕೂಲಿ ಹೆಚ್ಚಾಗುತ್ತದೆ, ಅಷ್ಟೇ. ಇನ್ನೂ ಒಳ್ಳೆಯದೆಂದರೆ ಬೇಸಿಗೆಯ ಸಂಜೆಗೆ ಶಾಮಿಯಾನವೇ ಬೇಡ. ನೆರಳಿನ ಹೊತ್ತು ಮುಗಿದ ಮೇಲೆ ತಲೆಯ ಮೇಲೆ ಬಟ್ಟೆ ಯಾತಕ್ಕೆ? ಜಮಖಾನೆ ಹಾಸಿ ಆಕಾಶದ ಕೆಳಗೆ ಕೂರಲಿ. ನಾನೇ ಬಾಡಿಗೆ ಕಳೆದುಕೊಳ್ಳುತ್ತೇನೆ, ಗೊತ್ತಿದ್ದೇ ಹೇಳುತ್ತಿದ್ದೇನೆ. ಗಾಳಿ ಎದ್ದಾಗ ಹಾರಿಹೋಗುವಂಥದ್ದು ಅಂಗಳದಲ್ಲಿ ಏನೂ ಇಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ.

ಅಡಿಗೆ ಆವರಣದ ಹೊರಗೆ ಆಗಲಿ. ಊಟವೂ ಹೊರಗೇ ಇದ್ದರೆ ಇನ್ನೂ ಒಳ್ಳೆಯದು. ಜನರೇಟರ್ ರಸ್ತೆಯ ಬದಿಗೆ ನಿಲ್ಲಲಿ. ಡಿಜೆ, ಪಟಾಕಿ, ಸ್ಟೇಜಿನ ಮೇಲೆ ಕಿಡಿ ಚಿಮ್ಮಿಸುವ ಡಬ್ಬಿಗಳಿಗೆ ಅನುಮತಿ ಬೇಡ. ತತ್ವಪದ, ವಚನ ಗಾಯನ, ಕವ್ವಾಲಿ, ಮುಷಾಯಿರಾ, ಕವಿಗೋಷ್ಠಿ, ಮಕ್ಕಳ ನಾಟಕ, ಹಳ್ಳಿಯ ಭಜನಾ ಮೇಳ ಇಂಥವಕ್ಕೆ ಕಡಿಮೆ ಬಾಡಿಗೆಯಲ್ಲಿ, ಸಾಧ್ಯವಾದರೆ ಬಿಟ್ಟಿಯಾಗಿಯೇ, ಮೊದಲ ಅವಕಾಶ ಕೊಡಿ. ಗುಮ್ಮಟದ ಮುಂದೆ ಏಕತಾರಿ ಹಿಡಿದು ಒಬ್ಬರು ಹಾಡಿದರೆ ಮೈಕು ಕೂಡ ಬೇಕಾಗುವುದಿಲ್ಲ. ಔತಣಕ್ಕೆ ಊರಲ್ಲಿ ಕಲ್ಯಾಣ ಮಂಟಪಗಳು ಬೇಕಾದಷ್ಟಿವೆ, ಸಭೆಗೆ ಎಸ್.ಎಂ. ಪಂಡಿತ್ ರಂಗಮಂದಿರ, ಕನ್ನಡ ಭವನ ಇವೆ.

ಪ್ರತಿ ಸಮಾರಂಭಕ್ಕೂ ಮೊದಲು ಮತ್ತು ನಂತರ ಪ್ರತಿಯೊಂದು ಕಲ್ಲಿನ, ಗೋಡೆಯ ಫೋಟೊ ತೆಗೆದು, ದಿನಾಂಕ ಹಾಕಿ ಇಡಿ. ಈಗಿನ ಕಾಲದಲ್ಲಿ ಅದಕ್ಕೆ ಒಂದು ಮೊಬೈಲು, ಒಂದು ತಾಸು ಸಾಕು. ಫೋಟೊ ಹೊಂದಿಸಿ ನೋಡಿದ ಮೇಲೆಯೇ ಠೇವಣಿ ವಾಪಸ್ ಹೋಗಲಿ. ಷರತ್ತುಗಳ ಒಂದು ಪ್ರತಿಗೆ ಶಾಮಿಯಾನದವನು, ಅಡಿಗೆಯವನು, ಸೌಂಡಿನವನು ಮೂವರೂ ಸಹಿ ಹಾಕಲಿ, ಓದಲು ಬಾರದವರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಬಂದ ಬಾಡಿಗೆ ಎಷ್ಟು, ಅದರಿಂದ ಅದೇ ಸಂಗ್ರಹಾಲಯಕ್ಕೆ ಏನು ಮಾಡಿಸಿದಿರಿ ಎಂಬುದು ಗೇಟಿನ ಫಲಕದ ಮೇಲೆ ಬರಲಿ.

ಸಮಾರಂಭ ಮಾಡಿಸುವ ನನ್ನ ಊರಿನವರಿಗೂ ಒಂದು ಮಾತು. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನಮ್ಮ ಊರಿನ ಗುಮ್ಮಟ ನಮ್ಮ ಮಗಳ ಮದುವೆಯ ಫೋಟೊದಲ್ಲಿ ಬರಲಿ ಎಂಬುದರಲ್ಲಿ ಅಭಿಮಾನವಿದೆ. ಬೆಂಗಳೂರಿನವರು ಬಂದು ನೋಡದಿದ್ದರೂ ನಾವಾದರೂ ನಮ್ಮದೆಂದು ಹೇಳಿಕೊಳ್ಳುತ್ತಿದ್ದೇವಲ್ಲ ಎಂದು ನನಗೂ ಸಂತೋಷವಾಗುತ್ತದೆ. ಹಾಗಾದರೆ ಮದುವೆಯ ಮರುದಿನವೋ ವಾರದ ಮೇಲೋ ಬೀಗರನ್ನು ಕರೆದುಕೊಂಡು ಸಂಜೆ ಅಲ್ಲಿಗೆ ಹೋಗಿ, ಟಿಕೆಟ್ ತೆಗೆಸಿ, ಎರಡು ತಾಸು ಸುತ್ತಾಡಿ ಬನ್ನಿ. ಮಕ್ಕಳಿಗೆ ವೀರಗಲ್ಲಿನ ಮೂರು ಸಾಲನ್ನು ಕೆಳಗಿನಿಂದ ಮೇಲಕ್ಕೆ ಓದಿ ತೋರಿಸಿ. ಫೋಟೊವನ್ನೂ ತೆಗೆಸಿಕೊಳ್ಳಿ.

ಅಂಗಡಿಗೆ ಬಂದ ಆ ನಾಲ್ಕು ಮನೆಯವರಿಗೆ ಈ ಪತ್ರವನ್ನೇ ಓದಲು ಕೊಡುತ್ತೇನೆ. ಮೇಲೆ ಬರೆದ ಷರತ್ತುಗಳಿಗೆ ಒಪ್ಪದ ಕೆಲಸವನ್ನು, ಯಾವ ಹಳೆಯ ಕಟ್ಟಡದಲ್ಲೇ ಆಗಲಿ, ನಮ್ಮ ಅಂಗಡಿ ಇನ್ನು ಮುಂದೆ ಹಿಡಿಯುವುದಿಲ್ಲ. ನನ್ನ ಕಸುಬಿನ ಇತರರನ್ನೂ ಕೂರಿಸಿ ಮಾತಾಡುತ್ತಿದ್ದೇನೆ. ನೀವು ಒಂದು ದಿನ ಕರೆದರೆ ಎಲ್ಲರೂ ಬಂದು, ಎಲ್ಲಿ ಹಗ್ಗ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ನಿಮ್ಮ ಜೊತೆ ಅಂಗಳದಲ್ಲಿ ನಡೆದೇ ಗುರುತು ಮಾಡಿಕೊಳ್ಳಲು ತಯಾರಿದ್ದೇವೆ.

ಕೊನೆಯದಾಗಿ ಆ ಕಲ್ಲಿನ ಮಾತು. ಹೋದ ದೀಪಾವಳಿಯ ಹೊತ್ತಿಗೆ ಮತ್ತೆ ಹೋಗಿ ನೋಡಿದೆ. ಇನ್ನೂ ವಾಲಿಕೊಂಡೇ ಇದೆ, ಮೂರು ಮಳೆಗಾಲಕ್ಕೆ ಬುಡದ ಬಿರುಕು ಅಗಲವಾಗಿದೆ. ಚೂರು ಕಾಗದದ ಪೊಟ್ಟಣದಲ್ಲಿ ಅದೇ ಖಾನೆಯಲ್ಲಿದೆ, ಹೊಸ ಕಾವಲುಗಾರನಿಗೆ ಅದೇನೆಂದು ಗೊತ್ತಿರಲಿಲ್ಲ. ನಾನೇ ಹೇಳಿ, ಪೊಟ್ಟಣದ ಮೇಲೆ ಬರೆಸಿ ಬಂದೆ. ಈ ಪತ್ರ ಓದಿದವರಲ್ಲಿ ಆ ಜಾಗದ ಹೊಣೆ ಹೊತ್ತವರಿಗೆ ಇದು ಯಾವ ಕಲ್ಲು ಎಂದು ತಿಳಿಯುತ್ತದೆ. ಮಳೆಗಾಲಕ್ಕೆ ಮೊದಲು ತಜ್ಞರನ್ನು ಕರೆಸಿ ಅದನ್ನು ನೆಟ್ಟಗೆ ನಿಲ್ಲಿಸಿ, ಆ ಚೂರನ್ನು ಅದರ ಜಾಗದಲ್ಲಿ ಕೂರಿಸಬೇಕೆಂದು ಪ್ರಾರ್ಥಿಸುತ್ತೇನೆ. ಅವರು ಹೇಳಿದ ದಿನ ಬೊಂಬು, ಹಗ್ಗ, ಹಲಗೆ, ನಾಲ್ಕು ಜನ ಹುಡುಗರೊಂದಿಗೆ ನಾನು ಬರುತ್ತೇನೆ. ಬಾಡಿಗೆಯೂ ಬೇಡ, ಕೂಲಿಯೂ ಬೇಡ.

ಇತಿ ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಶಾಮಿಯಾನ ವ್ಯಾಪಾರಿ